ಹಿಂಚಕ್ರ ಚಾಲನೆಯ ಕಾರುಗಳ ಡ್ರೈವ್‌ಟ್ರೇನ್ ದೋಷನಿರ್ಣಯ

ಹಿಂಚಕ್ರ ಚಾಲನೆಯ ಕಾರುಗಳ ಡ್ರೈವ್‌ಟ್ರೇನ್ ದೋಷನಿರ್ಣಯ ಎಂಬುದು ಎಂಜಿನ್‌ನಲ್ಲಿ ಉತ್ಪತ್ತಿಯಾದ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ತಲುಪಿಸುವ ಭಾಗಗಳಲ್ಲಿ ಉಂಟಾಗುವ ಕಂಪನ, ಸದ್ದು, ಸೋರಿಕೆ ಹಾಗೂ ಮುರಿತಗಳ ಮೂಲಕಾರಣವನ್ನು ಕ್ರಮಬದ್ಧವಾಗಿ ಪತ್ತೆಹಚ್ಚುವ ವಿಧಾನವಾಗಿದೆ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಹಾಫ್ ಶಾಫ್ಟ್‌ಗಳು ಮತ್ತು ಹಬ್ ಬೇರಿಂಗ್‌ಗಳು ಈ ವ್ಯವಸ್ಥೆಯ ಮುಖ್ಯ ಅಂಗಗಳು. ಹೆಚ್ಚಿನ ಶಕ್ತಿಯ ಕ್ರೀಡಾ ಕಾರುಗಳಲ್ಲಿ ಈ ಅಂಗಗಳ ಮೇಲೆ ಬೀಳುವ ಹೊರೆ ಅಧಿಕವಾಗಿರುವುದರಿಂದ ಒಮ್ಮೆ ಸರಿಪಡಿಸಿದ ದೋಷವೇ ಸ್ವಲ್ಪ ಕಾಲದ ನಂತರ ಮತ್ತೆ ಕಾಣಿಸಿಕೊಳ್ಳುವುದು ಸಾಮಾನ್ಯ. ಇಂತಹ ಮರುಕಳಿಕೆಗೆ ಬಹುತೇಕ ಸಂದರ್ಭಗಳಲ್ಲಿ ಹೊಸದಾಗಿ ಜೋಡಿಸಿದ ಭಾಗದ ಗುಣಮಟ್ಟ ಕಾರಣವಾಗಿರುವುದಿಲ್ಲ. ಆ ಭಾಗವನ್ನು ಹಾಳುಮಾಡಿದ ಮೂಲಕಾರಣವು ಬೇರೆಡೆ ಹಾಗೆಯೇ ಉಳಿದಿರುತ್ತದೆ.

ಪ್ರಾಮುಖ್ಯತೆ

ಡ್ರೈವ್‌ಟ್ರೇನ್ ದೋಷಗಳು ಮೊದಲಿಗೆ ಕೇವಲ ಕಿರಿಕಿರಿಯಾಗಿ ತೋರಿದರೂ ಅವುಗಳ ಪರಿಣಾಮ ಗಂಭೀರವಾಗಬಲ್ಲದು. ವೇಗವಾಗಿ ಚಲಿಸುತ್ತಿರುವ ಕಾರಿನ ಪ್ರೊಪೆಲ್ಲರ್ ಶಾಫ್ಟ್ ಮುಂಭಾಗದ ಜೋಡಣೆಯಿಂದ ಕಳಚಿಕೊಂಡರೆ ಅದು ರಸ್ತೆಗೆ ತಾಗಿ ವಾಹನವನ್ನೇ ಮೇಲಕ್ಕೆತ್ತಬಹುದು ಅಥವಾ ತಳಭಾಗವನ್ನು ಸೀಳಿಕೊಂಡು ಒಳಗೆ ನುಗ್ಗಬಹುದು. ಪಿನಿಯನ್ ಬೇರಿಂಗ್ ಬಿಗಿದುಕೊಂಡರೆ ಹಿಂದಿನ ಚಕ್ರಗಳು ಹಠಾತ್ತಾಗಿ ನಿಂತು ವಾಹನ ಹತೋಟಿ ತಪ್ಪುತ್ತದೆ. ಈ ಕಾರಣದಿಂದಲೇ ಮೋಟಾರು ಸ್ಪರ್ಧೆಗಳಲ್ಲಿ ಭಾಗವಹಿಸುವ ಹಲವು ವಾಹನಗಳಲ್ಲಿ ಶಾಫ್ಟ್‌ನ ಸುತ್ತ ಉಕ್ಕಿನ ರಕ್ಷಣಾ ಕಡಗವನ್ನು ಅಳವಡಿಸಲಾಗುತ್ತದೆ.

ಆರ್ಥಿಕ ದೃಷ್ಟಿಯಿಂದಲೂ ಸರಿಯಾದ ದೋಷನಿರ್ಣಯ ಮುಖ್ಯವಾಗಿದೆ. ಡಿಫರೆನ್ಷಿಯಲ್‌ನಿಂದ ಸದ್ದು ಬರುತ್ತಿದೆ ಎಂದು ಭಾವಿಸಿ ಇಡೀ ಘಟಕವನ್ನು ಬದಲಾಯಿಸಿದ ಮೇಲೆ, ಸದ್ದು ಸವೆದ ಟೈರ್‌ನಿಂದಲೋ ಹಬ್ ಬೇರಿಂಗ್‌ನಿಂದಲೋ ಬರುತ್ತಿತ್ತೆಂದು ತಿಳಿಯುವ ಪ್ರಸಂಗಗಳು ದುರಸ್ತಿ ವೃತ್ತಿಯಲ್ಲಿ ಅಪರೂಪವಲ್ಲ.

ಹಿನ್ನೆಲೆ

ಮುಂದೆ ಎಂಜಿನ್, ಅದರ ಹಿಂದೆ ಕ್ಲಚ್ ಮತ್ತು ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಚಾಲನೆ ಎಂಬ ವಿನ್ಯಾಸವನ್ನು 1891ರಲ್ಲಿ ಫ್ರಾನ್ಸಿನ ಪನಾರ್ ಎ ಲೆವಾಸ್ಸೋರ್ ಸಂಸ್ಥೆಯು ರೂಪಿಸಿತು. ಆ ಕಾಲದ ವಾಹನಗಳಲ್ಲಿ ಚಕ್ರಗಳಿಗೆ ಚೈನ್‌ಗಳ ಮೂಲಕ ಶಕ್ತಿ ತಲುಪುತ್ತಿತ್ತು. 1898ರಲ್ಲಿ ಲೂಯಿ ರೆನೋ ನಿರ್ಮಿಸಿದ ಸಣ್ಣ ಕಾರಿನಲ್ಲಿ ಚೈನ್‌ನ ಬದಲಿಗೆ ತಿರುಗುವ ಶಾಫ್ಟ್ ಬಳಕೆಯಾಯಿತು. ತಿರುವುಗಳಲ್ಲಿ ಒಳಚಕ್ರ ಮತ್ತು ಹೊರಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅನುವು ಮಾಡಿಕೊಡುವ ಡಿಫರೆನ್ಷಿಯಲ್ ಅನ್ನು ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿಯೇ ಉಗಿಬಂಡಿಗಾಗಿ ರೂಪಿಸಿದ್ದನು. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಹೈಪಾಯ್ಡ್ ಗೇರ್‌ಗಳ ಬಳಕೆ ಆರಂಭವಾಯಿತು. ಪಿನಿಯನ್ನಿನ ಅಕ್ಷವು ಕ್ರೌನ್ ವೀಲ್‌ನ ಅಕ್ಷಕ್ಕಿಂತ ಕೆಳಗೆ ಇರುವ ಈ ರಚನೆಯಿಂದ ಶಾಫ್ಟ್ ಹಾಗೂ ಕಾರಿನ ನೆಲಮಟ್ಟವನ್ನು ತಗ್ಗಿಸುವುದು ಸಾಧ್ಯವಾಯಿತು.

ಭಾರತದಲ್ಲಿ ಹಿಂದೂಸ್ತಾನ್ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಮೂಲಕ ಈ ವಿನ್ಯಾಸ ಜನಪರಿಚಿತವಾಯಿತು. ಕರ್ನಾಟಕದ ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್, ಇನೋವಾ ಹಾಗೂ ಇನೋವಾ ಕ್ರಿಸ್ಟಾ ವಾಹನಗಳೂ ಹಿಂಚಕ್ರ ಚಾಲನೆಯವೇ ಆಗಿವೆ. ಈ ಲೇಖನದಲ್ಲಿ ವಿವರಿಸಿದ ವಿಧಾನಗಳು ಕ್ರೀಡಾ ಕಾರುಗಳನ್ನು ಕುರಿತಾಗಿದ್ದರೂ ಮೂಲತತ್ವಗಳು ಇಂತಹ ಸಾಧಾರಣ ವಾಹನಗಳಿಗೂ ಅನ್ವಯಿಸುತ್ತವೆ.

ರಚನೆ ಮತ್ತು ಕಾರ್ಯ

ಎಂಜಿನ್‌ನ ಫ್ಲೈವೀಲ್‌ನಿಂದ ಕ್ಲಚ್ ಮೂಲಕ ಗೇರ್‌ಬಾಕ್ಸ್ ಸೇರುವ ಶಕ್ತಿಯು ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್‌ಗೆ ಹರಿಯುತ್ತದೆ. ಶಾಫ್ಟ್ ಉದ್ದವಾದಷ್ಟೂ ಅದು ಬಿಲ್ಲಿನಂತೆ ಬಾಗಿ ಅದುರತೊಡಗುವ ವೇಗದ ಮಿತಿ ತಗ್ಗುತ್ತದೆ. ಆದ್ದರಿಂದ ಅನೇಕ ಕಾರುಗಳಲ್ಲಿ ಶಾಫ್ಟ್ ಅನ್ನು ಎರಡು ತುಂಡುಗಳಾಗಿ ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಡಲಾಗುತ್ತದೆ. ಶಾಫ್ಟ್‌ನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಗ್ಯಾರೇಜುಗಳಲ್ಲಿ ಇದರ ಒಳಗಿನ ಅಡ್ಡಗೂಡಿಗೆ ‘ಕ್ರಾಸ್’ ಎಂಬ ಹೆಸರಿದೆ. ಕೆಲವು ಕಾರುಗಳಲ್ಲಿ ಇದರ ಸ್ಥಾನದಲ್ಲಿ ಸಿ.ವಿ. ಜಾಯಿಂಟ್ ಅಥವಾ ನೂಲಿನ ಹೆಣಿಗೆಯುಳ್ಳ ದಪ್ಪ ರಬ್ಬರ್ ಬಿಲ್ಲೆ ಇರುತ್ತದೆ.

ಡಿಫರೆನ್ಷಿಯಲ್‌ನೊಳಗೆ ಪಿನಿಯನ್ ಗೇರ್ ಕ್ರೌನ್ ವೀಲ್ ಅನ್ನು ತಿರುಗಿಸುತ್ತದೆ. ಸ್ವತಂತ್ರ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಡಿಫರೆನ್ಷಿಯಲ್ ಘಟಕವನ್ನು ರಬ್ಬರ್ ಬುಷ್‌ಗಳ ಮೂಲಕ ಸಬ್‌ಫ್ರೇಮ್‌ಗೆ ಬಿಗಿದಿರುತ್ತಾರೆ ಮತ್ತು ಅಲ್ಲಿಂದ ಎರಡು ಹಾಫ್ ಶಾಫ್ಟ್‌ಗಳು ಚಕ್ರಗಳಿಗೆ ಹೋಗುತ್ತವೆ. ಗಟ್ಟಿ ಆಕ್ಸಲ್ ಇರುವ ವಾಹನಗಳಲ್ಲಿ ಇವೆಲ್ಲವೂ ಒಂದೇ ಉಕ್ಕಿನ ಹೌಸಿಂಗ್‌ನಲ್ಲಿ ಅಡಕವಾಗಿರುತ್ತವೆ.

ಪೋರ್ಷೆ 944 (1982–1991) ಮತ್ತು 1997ರಲ್ಲಿ ಬಂದ ಐದನೆಯ ಪೀಳಿಗೆಯ ಷೆವರ್ಲೆ ಕಾರ್ವೆಟ್‌ನಂತಹ ಕಾರುಗಳಲ್ಲಿ ತೂಕದ ಸಮತೋಲನಕ್ಕಾಗಿ ಗೇರ್‌ಬಾಕ್ಸ್ ಅನ್ನು ಹಿಂದಕ್ಕೆ ಸರಿಸಿ ಡಿಫರೆನ್ಷಿಯಲ್ ಜೊತೆ ಸೇರಿಸಲಾಗಿದೆ. ಇವುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಶಾಫ್ಟ್ ಒಂದು ಗಟ್ಟಿ ಕೊಳವೆಯೊಳಗೆ ಬೇರಿಂಗ್‌ಗಳ ಮೇಲೆ ತಿರುಗುತ್ತದೆ.

ದೋಷಗಳು ಮರುಕಳಿಸುವ ಕಾರಣಗಳು

ಒಂದೇ ಭಾಗ ಪದೇ ಪದೇ ಹಾಳಾಗುತ್ತಿದ್ದರೆ ಆ ಭಾಗವನ್ನು ರೋಗವೆಂದು ಭಾವಿಸದೆ ರೋಗದ ಲಕ್ಷಣವೆಂದು ಪರಿಗಣಿಸಬೇಕಾಗುತ್ತದೆ. ಮರುಕಳಿಕೆಯ ಕೆಲವು ಸಾಮಾನ್ಯ ಮಾದರಿಗಳು ಹೀಗಿವೆ.

ಪಿನಿಯನ್ ಆಯಿಲ್ ಸೀಲ್‌ನ ಸೋರಿಕೆ: ಹೊಸ ಸೀಲ್ ಹಾಕಿದರೂ ಮತ್ತೆ ಸೋರಿದರೆ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು ಡಿಫರೆನ್ಷಿಯಲ್‌ನ ಗಾಳಿರಂಧ್ರ. ಅದು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಬಿಸಿಯಾದಾಗ ಒಳಗಿನ ಒತ್ತಡ ಹೆಚ್ಚಿ ಎಣ್ಣೆಯನ್ನು ಸೀಲ್‌ನ ಮೂಲಕ ಹೊರದೂಡುತ್ತದೆ. ಎರಡನೆಯದು ಸೀಲ್‌ನ ತುಟಿ ಉಜ್ಜುವ ಫ್ಲಾಂಜ್ ಮೇಲ್ಮೈ. ಅಲ್ಲಿ ತೋಡು ಬಿದ್ದಿದ್ದರೆ ಯಾವ ಸೀಲ್ ಕೂಡ ಹೆಚ್ಚು ಕಾಲ ನಿಲ್ಲುವುದಿಲ್ಲ. ಮೂರನೆಯದು ಪಿನಿಯನ್ ಬೇರಿಂಗ್. ಅದು ಸಡಿಲವಾಗಿದ್ದರೆ ಪಿನಿಯನ್ ಓಲಾಡುತ್ತಾ ಸೀಲ್ ಅನ್ನು ಹಿಗ್ಗಿಸುತ್ತದೆ.

ಸೀಲ್ ಬದಲಾವಣೆಯ ನಂತರದ ಬೇರಿಂಗ್ ಹಾನಿ: ಅನೇಕ ಡಿಫರೆನ್ಷಿಯಲ್‌ಗಳಲ್ಲಿ ಪಿನಿಯನ್ ನಟ್ ಬಿಗಿದಾಗ ಒಳಗಿನ ತೆಳು ಲೋಹದ ತೋಳು ಕುಗ್ಗಿ, ಬೇರಿಂಗ್‌ಗಳ ಮೇಲೆ ನಿಗದಿತ ಪ್ರಮಾಣದ ಪ್ರೀಲೋಡ್ ಏರ್ಪಡುತ್ತದೆ. ಒಮ್ಮೆ ಕುಗ್ಗಿದ ತೋಳು ಮತ್ತೆ ಮೊದಲಿನ ಉದ್ದಕ್ಕೆ ಮರಳದು. ಸೀಲ್ ಬದಲಿಸಲು ನಟ್ ಬಿಚ್ಚಿದವರು ಮೊದಲಿದ್ದ ಬಿಗಿತವನ್ನು ಅಳೆದಿಟ್ಟುಕೊಳ್ಳದೆ ಇಂಪ್ಯಾಕ್ಟ್ ಗನ್‌ನಿಂದ ಬಿಗಿದರೆ ಬೇರಿಂಗ್ ಅತಿಯಾಗಿ ಬಿಸಿಯಾಗಿ ಹಾಳಾಗುತ್ತದೆ. ಸಡಿಲವಾಗಿ ಬಿಟ್ಟರೆ ಪಿನಿಯನ್ ಹಲ್ಲುಗಳ ಹೊಂದಾಣಿಕೆ ತಪ್ಪುತ್ತದೆ. ಎರಡೂ ಸಂದರ್ಭಗಳಲ್ಲಿ ದೋಷ ಬಯಲಾಗುವುದು ಸಾವಿರಾರು ಕಿಲೋಮೀಟರ್‌ಗಳ ನಂತರವಾದ್ದರಿಂದ ಹಿಂದಿನ ದುರಸ್ತಿಗೂ ಇದಕ್ಕೂ ಇರುವ ಸಂಬಂಧ ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ರಬ್ಬರ್ ಬಿಲ್ಲೆ ಮತ್ತು ಸೆಂಟರ್ ಬೇರಿಂಗ್‌ನ ಅಕಾಲಿಕ ಸವೆತ: ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್ ಕುಸಿದಿದ್ದರೆ ಶಾಫ್ಟ್‌ನ ಕೋನ ಬದಲಾಗಿ ರಬ್ಬರ್ ಬಿಲ್ಲೆ ಪ್ರತಿ ಸುತ್ತಿನಲ್ಲೂ ಬಾಗುತ್ತದೆ. ಬಿಲ್ಲೆಯನ್ನು ಬಿಗಿಯುವಾಗ ರಬ್ಬರ್ ತಿರುಚಿಕೊಳ್ಳದಂತೆ ಫ್ಲಾಂಜ್ ಇರುವ ಬದಿಯ ನಟ್ ಅಥವಾ ಬೋಲ್ಟ್ ಅನ್ನೇ ತಿರುಗಿಸಬೇಕು. ಹಲವು ಬಿಎಂಡಬ್ಲ್ಯು ಮಾದರಿಗಳಲ್ಲಿ ಸೆಂಟರ್ ಬೇರಿಂಗ್ ಅನ್ನು ಕೆಲವು ಮಿಲಿಮೀಟರ್‌ಗಳಷ್ಟು ಮುಂದಕ್ಕೆ ತಳ್ಳಿ ಬಿಗಿಯಬೇಕೆಂಬ ಸೂಚನೆ ಇರುತ್ತದೆ. ಇದನ್ನು ಕಡೆಗಣಿಸಿದರೆ ಹೊಸ ಬೇರಿಂಗ್ ಕೂಡ ಬೇಗನೆ ಸದ್ದು ಮಾಡತೊಡಗುತ್ತದೆ.

ಕ್ಲಚ್ ನಡುಕ: ಹೊಸ ಕ್ಲಚ್ ಪ್ಲೇಟ್ ಹಾಕಿದ ಕೆಲವೇ ತಿಂಗಳಲ್ಲಿ ನಡುಕ ಮರಳಿದರೆ ಎಂಜಿನ್‌ನ ಹಿಂಬದಿ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್‌ನ ಮುಂಬದಿ ಸೀಲ್‌ನಿಂದ ಎಣ್ಣೆ ಜಿನುಗುತ್ತಿರುವ ಸಾಧ್ಯತೆ ಇದೆ. ಫ್ಲೈವೀಲ್‌ನ ಮೇಲೆ ಅತಿಶಾಖದಿಂದಾದ ನೀಲಿ ಕಲೆಗಳೂ ಇದೇ ಲಕ್ಷಣವನ್ನು ಉಂಟುಮಾಡುತ್ತವೆ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನ ಬಿಲ್ಲೆಗಳ ಸವೆತ: ಹಿಂದಿನ ಎರಡು ಟೈರ್‌ಗಳ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ನೇರ ರಸ್ತೆಯಲ್ಲಿಯೂ ಒಳಗಿನ ಘರ್ಷಣಾ ಬಿಲ್ಲೆಗಳು ನಿರಂತರವಾಗಿ ಉಜ್ಜಿಕೊಳ್ಳುತ್ತವೆ. ಪಂಕ್ಚರ್‌ನಿಂದಾಗಿ ಒಂದು ಟೈರ್ ಅನ್ನು ಮಾತ್ರ ಬದಲಿಸಿದ ಕಾರುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಮಾರ್ಪಾಡುಗಳ ಪರಿಣಾಮ

ಕ್ರೀಡಾ ಕಾರುಗಳ ಮಾಲೀಕರು ಎಂಜಿನ್ ಶಕ್ತಿಯನ್ನು ಹೆಚ್ಚಿಸುವುದು, ಕಾರಿನ ಎತ್ತರವನ್ನು ತಗ್ಗಿಸುವುದು ಹಾಗೂ ಗಟ್ಟಿ ಬುಷ್‌ಗಳನ್ನು ಅಳವಡಿಸುವುದು ಸಾಮಾನ್ಯ. ಗಟ್ಟಿ ಆಕ್ಸಲ್ ಇರುವ ಕಾರಿನ ಎತ್ತರ ತಗ್ಗಿಸಿದಾಗ ಪಿನಿಯನ್ನಿನ ಕೋನವೂ ಬದಲಾಗಬಹುದು. ಸ್ವತಂತ್ರ ಸಸ್ಪೆನ್ಷನ್‌ನ ಕಾರಿನಲ್ಲಿ ಡಿಫರೆನ್ಷಿಯಲ್ ದೇಹಕ್ಕೆ ಬಿಗಿದಿರುವುದರಿಂದ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗದು. ಹಾಫ್ ಶಾಫ್ಟ್‌ಗಳ ಕೋನ ಮಾತ್ರ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಅರಿತಿದ್ದರೆ ಅನಗತ್ಯ ಹುಡುಕಾಟ ತಪ್ಪುತ್ತದೆ.

ಎರಡು ದ್ರವ್ಯರಾಶಿಗಳ ಫ್ಲೈವೀಲ್‌ನೊಳಗಿನ ಸ್ಪ್ರಿಂಗ್‌ಗಳು ಎಂಜಿನ್‌ನ ತಿರುಗಾಟದ ಏರಿಳಿತವನ್ನು ಹೀರಿಕೊಳ್ಳುತ್ತವೆ. ಅದನ್ನು ತೆಗೆದು ಹಗುರವಾದ ಒಂಟಿ ಫ್ಲೈವೀಲ್ ಹಾಕಿದಾಗ ಕಾರು ನಿಂತಲ್ಲಿಯೇ ಗೇರ್‌ಬಾಕ್ಸ್‌ನಿಂದ ಗಲಗಲ ಸದ್ದು ಕೇಳುತ್ತದೆ. ಇದು ಗೇರ್‌ಬಾಕ್ಸ್‌ನ ದೋಷವಲ್ಲ. ಹಾಗೆಯೇ ಗಟ್ಟಿ ಬುಷ್‌ಗಳು ಮೊದಲಿನಿಂದಲೂ ಇದ್ದ ಗೇರ್ ಸದ್ದನ್ನು ಕಾರಿನೊಳಗೆ ಸಾಗಿಸುತ್ತವೆಯೇ ಹೊರತು ಹೊಸ ಸದ್ದನ್ನು ಹುಟ್ಟಿಸುವುದಿಲ್ಲ.

ನಿಂತ ಸ್ಥಳದಿಂದ ಪೂರ್ಣ ಬಲದಿಂದ ಹೊರಡುವಾಗ ಹಿಂದಿನ ಚಕ್ರಗಳು ಹಿಡಿತ ಸಿಕ್ಕು, ತಪ್ಪಿ, ಮತ್ತೆ ಸಿಕ್ಕು ಕುಪ್ಪಳಿಸುವುದುಂಟು. ಆಗ ಹಾಫ್ ಶಾಫ್ಟ್‌ಗಳ ಮೇಲೆ ಕ್ಷಣಕ್ಷಣಕ್ಕೂ ಹೊಡೆತ ಬೀಳುತ್ತದೆ. 2009ರ ಮಾದರಿಯ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿನಲ್ಲಿ ಈ ಕುಪ್ಪಳಿಕೆಯನ್ನು ತಗ್ಗಿಸಲು ಎಡ ಮತ್ತು ಬಲ ಹಾಫ್ ಶಾಫ್ಟ್‌ಗಳನ್ನು ಬೇರೆ ಬೇರೆ ದಪ್ಪದಲ್ಲಿ ಮಾಡಲಾಗಿತ್ತು. ಎರಡರ ತಿರುಚು ಬಿಗಿತ ಬೇರೆಯಾದ್ದರಿಂದ ಎರಡೂ ಚಕ್ರಗಳು ಒಂದೇ ಲಯದಲ್ಲಿ ಅದುರುವುದಿಲ್ಲ. ಹಾಫ್ ಶಾಫ್ಟ್ ಪದೇ ಪದೇ ಮುರಿಯುತ್ತಿದ್ದರೆ ಇನ್ನೂ ಗಟ್ಟಿಯಾದ ಶಾಫ್ಟ್ ಹಾಕುವ ಮೊದಲು ಸಸ್ಪೆನ್ಷನ್ ಬುಷ್ ಮತ್ತು ಷಾಕ್ ಅಬ್ಸಾರ್ಬರ್‌ಗಳನ್ನು ಪರೀಕ್ಷಿಸಬೇಕು. ಇಲ್ಲವಾದರೆ ಮುಂದಿನ ಹೊಡೆತ ಡಿಫರೆನ್ಷಿಯಲ್‌ಗೆ ವರ್ಗಾವಣೆಯಾಗುತ್ತದೆ.

ದೋಷನಿರ್ಣಯದ ಕ್ರಮ

ಹಿನ್ನೆಲೆ ವಿಚಾರಣೆ

ದೋಷ ಯಾವಾಗ ಆರಂಭವಾಯಿತು, ಅದಕ್ಕೂ ಮುನ್ನ ಯಾವ ದುರಸ್ತಿ ನಡೆದಿತ್ತು, ಟೈರ್ ಅಥವಾ ಸಸ್ಪೆನ್ಷನ್ ಬದಲಾಗಿತ್ತೇ ಎಂಬುದನ್ನು ಮೊದಲು ತಿಳಿಯಬೇಕು. ಕ್ಲಚ್ ಕೆಲಸಕ್ಕಾಗಿ ಶಾಫ್ಟ್ ಕಳಚಿದ ನಂತರ ಕಂಪನ ಶುರುವಾಗಿದ್ದರೆ ಜೋಡಣೆಯ ತಪ್ಪನ್ನು ಮೊದಲು ಶಂಕಿಸಲಾಗುತ್ತದೆ.

ರಸ್ತೆ ಪರೀಕ್ಷೆ

ಇದರ ಉದ್ದೇಶ ಒಂದೇ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು: ದೋಷವು ಎಂಜಿನ್ ವೇಗವನ್ನು ಅನುಸರಿಸುತ್ತದೆಯೇ ಅಥವಾ ವಾಹನದ ವೇಗವನ್ನು ಅನುಸರಿಸುತ್ತದೆಯೇ? ಸಂಚಾರವಿಲ್ಲದ ಸುರಕ್ಷಿತ ರಸ್ತೆಯಲ್ಲಿ ಒಂದೇ ವೇಗವನ್ನು ಎರಡು ಬೇರೆ ಗೇರ್‌ಗಳಲ್ಲಿ ಕಾಯ್ದುಕೊಳ್ಳಬೇಕು. ಗೇರ್ ಬದಲಾದಾಗ ಕಂಪನದ ಸ್ವರೂಪ ಬದಲಾದರೆ ದೋಷ ಎಂಜಿನ್, ಕ್ಲಚ್ ಅಥವಾ ಗೇರ್‌ಬಾಕ್ಸ್‌ನ ಮುಂಭಾಗದಲ್ಲಿದೆ. ಬದಲಾಗದಿದ್ದರೆ ಅದು ಪ್ರೊಪೆಲ್ಲರ್ ಶಾಫ್ಟ್‌ನಿಂದ ಚಕ್ರದವರೆಗಿನ ಭಾಗದಲ್ಲಿದೆ.

ನಂತರ ಮೂರು ಸ್ಥಿತಿಗಳಲ್ಲಿ ಸದ್ದನ್ನು ಆಲಿಸಬೇಕು: ವೇಗವರ್ಧಕವನ್ನು ಒತ್ತಿದಾಗ, ಪೂರ್ತಿ ಬಿಟ್ಟಾಗ ಮತ್ತು ವೇಗ ಏರದೆ ಇಳಿಯದೆ ತೇಲುವಂತಿದ್ದಾಗ. ಒತ್ತಿದಾಗ ಅಥವಾ ಬಿಟ್ಟಾಗ ಮಾತ್ರ ಬರುವ ಗುಂಯ್‌ಗುಡುವಿಕೆ ಕ್ರೌನ್ ವೀಲ್ ಮತ್ತು ಪಿನಿಯನ್ ಹಲ್ಲುಗಳ ಒಂದು ಬದಿಯ ಸಂಪರ್ಕದೋಷವನ್ನು ಸೂಚಿಸುತ್ತದೆ. ಮೂರೂ ಸ್ಥಿತಿಗಳಲ್ಲಿ ಒಂದೇ ಬಗೆಯಾಗಿರುವ ಗೊರಗೊರ ಸದ್ದು ಬೇರಿಂಗ್ ಅಥವಾ ಟೈರ್‌ನದ್ದಾಗಿರಬಹುದು. ರಸ್ತೆಯ ಮೇಲ್ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟೈರ್‌ನದು. ಕಾರು ಎಡಕ್ಕೆ ತಿರುಗುವಾಗ ಭಾರ ಬಲಬದಿಗೆ ವಾಲುತ್ತದೆ. ಆಗ ಸದ್ದು ಜೋರಾದರೆ ಬಲಬದಿಯ ಹಬ್ ಬೇರಿಂಗ್ ಮೇಲೆ ಶಂಕೆ ಮೂಡುತ್ತದೆ.

ಆವರ್ತನದ ಲೆಕ್ಕಾಚಾರ

ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ವೇಗವಿರುವುದರಿಂದ ಕಂಪನದ ಆವರ್ತನವನ್ನು ಅಳೆದರೆ ದೋಷದ ಮೂಲವನ್ನು ಲೆಕ್ಕದಿಂದಲೇ ಗುರುತಿಸಬಹುದು. ಉದಾಹರಣೆಗೆ, ಟೈರ್‌ನ ಸುತ್ತಳತೆ 2 ಮೀಟರ್, ಪಿನಿಯನ್‌ನಲ್ಲಿ 10 ಹಲ್ಲು, ಕ್ರೌನ್ ವೀಲ್‌ನಲ್ಲಿ 41 ಹಲ್ಲು, ಅಂದರೆ ಅನುಪಾತ 4.1 ಇರುವ ಕಾರು ಗಂಟೆಗೆ 108 ಕಿ.ಮೀ. ವೇಗದಲ್ಲಿ ಚಲಿಸುತ್ತಿದೆ ಎಂದು ಭಾವಿಸೋಣ. ಇದು ಸೆಕೆಂಡಿಗೆ 30 ಮೀಟರ್ ವೇಗಕ್ಕೆ ಸಮ.

• ಚಕ್ರದ ವೇಗ: ಸೆಕೆಂಡಿಗೆ 15 ಸುತ್ತು. ಟೈರ್ ಅಥವಾ ರಿಮ್‌ನ ಅಸಮತೋಲನದ ಕಂಪನ 15 ಹರ್ಟ್ಸ್.
• ಮೂರು ಉರುಳೆಗಳ ಹಾಫ್ ಶಾಫ್ಟ್ ಜಾಯಿಂಟ್‌ನ ದೋಷ: ಚಕ್ರದ ವೇಗದ ಮೂರರಷ್ಟು, 45 ಹರ್ಟ್ಸ್.
• ಪ್ರೊಪೆಲ್ಲರ್ ಶಾಫ್ಟ್‌ನ ವೇಗ: 15 × 4.1, ಅಂದರೆ ಸೆಕೆಂಡಿಗೆ 61.5 ಸುತ್ತು (ನಿಮಿಷಕ್ಕೆ 3,690). ಶಾಫ್ಟ್‌ನ ಅಸಮತೋಲನ ಅಥವಾ ಬಾಗು 61.5 ಹರ್ಟ್ಸ್‌ನಲ್ಲಿ ಕಾಣಿಸುತ್ತದೆ.
• ಯೂನಿವರ್ಸಲ್ ಜಾಯಿಂಟ್‌ನ ಕೋನದೋಷ: ಶಾಫ್ಟ್ ವೇಗದ ಎರಡರಷ್ಟು, 123 ಹರ್ಟ್ಸ್.
• ಕ್ರೌನ್ ವೀಲ್ ಮತ್ತು ಪಿನಿಯನ್ ಹಲ್ಲುಗಳ ಸಂಪರ್ಕದ ಸದ್ದು: 61.5 × 10, ಅಂದರೆ 615 ಹರ್ಟ್ಸ್.

ಕಂಪನ ಮಾಪಕ ಅಥವಾ ಮೊಬೈಲ್ ಫೋನಿನ ಸಂವೇದಕವನ್ನು ಬಳಸುವ ತಂತ್ರಾಂಶದಿಂದ ಕೆಳ ಆವರ್ತನಗಳನ್ನು ಅಳೆಯಬಹುದು. 15 ಹರ್ಟ್ಸ್ ಕಂಪನ ಕಂಡುಬಂದ ಕಾರಿನ ಪ್ರೊಪೆಲ್ಲರ್ ಶಾಫ್ಟ್ ಅನ್ನು ಬಿಚ್ಚುವುದು ವ್ಯರ್ಥ ಶ್ರಮವಾಗುತ್ತದೆ. ಅಸಮತೋಲನದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿ.ಮೀ.ಯಿಂದ 120 ಕಿ.ಮೀ.ಗೆ ಹೋದಾಗ ಅದು 2.25 ಪಟ್ಟಾಗುತ್ತದೆ. ನಗರದಲ್ಲಿ ಸರಿಯಾಗಿದ್ದ ಕಾರು ಹೆದ್ದಾರಿಯಲ್ಲಿ ನಡುಗುವುದು ಇದರಿಂದಲೇ.

ಜಾಯಿಂಟ್‌ಗಳ ಕೋನ

ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಳಬರುವ ವೇಗ ಸ್ಥಿರವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಏರಿ ಇಳಿಯುತ್ತದೆ. ಕೋನ 3 ಡಿಗ್ರಿ ಇದ್ದಾಗ ಈ ಏರಿಳಿತ ಸುಮಾರು ಶೇ. 0.14 ಮಾತ್ರ, 10 ಡಿಗ್ರಿಯಲ್ಲಿ ಅದು ಶೇ. 1.5ಕ್ಕೆ ಏರುತ್ತದೆ. ಶಾಫ್ಟ್‌ನ ಎರಡು ತುದಿಗಳ ಕೋನಗಳು ಸಮವಾಗಿದ್ದು, ಎರಡೂ ಕವೆಗಳು ಒಂದೇ ಸಮತಲದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಶಾಫ್ಟ್‌ನ ಸ್ಪ್ಲೈನ್ ಅನ್ನು ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆಯಾದರೂ ಈ ಹೊಂದಾಣಿಕೆ ಕೆಡುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಎರಡೂ ಭಾಗಗಳ ಮೇಲೆ ಗುರುತು ಹಾಕಿಕೊಳ್ಳುವುದು ಕಡ್ಡಾಯ ಕ್ರಮವೆನಿಸಿದೆ.

ಕೋನ ಸಂಪೂರ್ಣ ಸೊನ್ನೆಯಾಗುವುದೂ ಒಳ್ಳೆಯದಲ್ಲ. ಆಗ ಕ್ರಾಸ್‌ನೊಳಗಿನ ಸೂಜಿಯಂತಹ ಉರುಳೆಗಳು ಒಂದೇ ಜಾಗದಲ್ಲಿ ನಿಂತು ಅಲ್ಲಿಯೇ ಕುಳಿ ಬೀಳಿಸುತ್ತವೆ. ನಿಂತಲ್ಲಿಂದ ಹೊರಡುವಾಗ ಕಡಿಮೆ ವೇಗದಲ್ಲಿ ಮಾತ್ರ ಬರುವ ನಡುಕವು ಕೋನದೋಷದ ವಿಶಿಷ್ಟ ಲಕ್ಷಣವಾಗಿದೆ. ಆಗ ಟಾರ್ಕ್ ಅತ್ಯಧಿಕವಾಗಿರುವುದರಿಂದ ಜಾಯಿಂಟ್ ಶಾಫ್ಟ್ ಅನ್ನು ಪಕ್ಕಕ್ಕೆ ತಳ್ಳುವ ಬಲವೂ ಹೆಚ್ಚಿರುತ್ತದೆ.

ವಾಹನವನ್ನು ಎತ್ತಿ ಪರೀಕ್ಷಿಸುವುದು

ವಾಹನವನ್ನು ಮೇಲಕ್ಕೆತ್ತಿದ ನಂತರ ಮೌಂಟಿಂಗ್‌ಗಳು, ಬುಷ್‌ಗಳು, ರಬ್ಬರ್ ಬಿಲ್ಲೆಯ ಬಿರುಕುಗಳು, ಸೆಂಟರ್ ಬೇರಿಂಗ್‌ನ ರಬ್ಬರ್ ಹಾಗೂ ಸೋರಿಕೆಯ ಗುರುತುಗಳನ್ನು ನೋಡಲಾಗುತ್ತದೆ. ಶಾಫ್ಟ್‌ನ ಮೇಲಿದ್ದ ಸಮತೋಲನದ ಲೋಹದ ತುಣುಕು ಬಿದ್ದುಹೋಗಿದ್ದರೆ ಬೆಸುಗೆಯ ಗುರುತು ಉಳಿದಿರುತ್ತದೆ. ಡಯಲ್ ಗೇಜ್ ಬಳಸಿ ಶಾಫ್ಟ್‌ನ ಬಾಗನ್ನು ಮುಂದೆ, ನಡುವೆ ಮತ್ತು ಹಿಂದೆ ಅಳೆದು ತಯಾರಕರ ಮಿತಿಯೊಂದಿಗೆ ಹೋಲಿಸಬೇಕು.

ಗೇರ್ ಹಾಕುವಾಗ ಅಥವಾ ವೇಗವರ್ಧಕವನ್ನು ಒತ್ತಿ ಬಿಡುವಾಗ ಬರುವ ‘ಟಕ್’ ಸದ್ದು ಹಲವು ಸಣ್ಣ ಸಡಿಲುಗಳ ಮೊತ್ತವಾಗಿರಬಹುದು. ಗೇರ್‌ಬಾಕ್ಸ್ ಅನ್ನು ಗೇರಿನಲ್ಲಿಟ್ಟು, ಶಾಫ್ಟ್ ಅನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಯಾವ ಜೋಡಣೆಯಲ್ಲಿ ಎಷ್ಟು ಸಡಿಲಿದೆ ಎಂದು ಬಿಡಿಬಿಡಿಯಾಗಿ ಗುರುತಿಸಬೇಕು. ಕ್ರಾಸ್‌ನಲ್ಲಿ ಕೈಗೆ ಸಿಗುವಷ್ಟು ಸಡಿಲು ಇರಕೂಡದು. ಕ್ರೌನ್ ವೀಲ್ ಮತ್ತು ಪಿನಿಯನ್ ನಡುವೆ ಮಾತ್ರ ಅಲ್ಪ ಸಡಿಲು ಅಗತ್ಯ. ಕಾರುಗಳಲ್ಲಿ ಅದು ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಗ್ರೀಸ್ ಒಣಗಿದ ಸ್ಪ್ಲೈನ್ ಕೂಡ ಹೊರಡುವಾಗ ಇಂಥದೇ ಸದ್ದು ಮಾಡುತ್ತದೆ.

ಎಣ್ಣೆಯ ಪರೀಕ್ಷೆ

ಡಿಫರೆನ್ಷಿಯಲ್‌ನ ಎಣ್ಣೆ ಇಳಿಸಿದಾಗ ಅಯಸ್ಕಾಂತದ ಬಿರಡೆಯ ಮೇಲೆ ಅಂಟಿದ ಬೂದುಬಣ್ಣದ ನುಣುಪಾದ ಲೇಪ ಸಹಜ ಸವೆತದ್ದು. ಚೂರುಗಳು, ಹಕ್ಕಳೆಗಳು ಅಥವಾ ಹಲ್ಲಿನ ತುಂಡು ಸಿಕ್ಕರೆ ಘಟಕವನ್ನು ಬಿಚ್ಚಲೇಬೇಕಾಗುತ್ತದೆ. ಹೈಪಾಯ್ಡ್ ಗೇರ್‌ಗಳ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಅವುಗಳಿಗೆ ಅತಿ ಒತ್ತಡವನ್ನು ತಾಳುವ ಜಿಎಲ್-5 ದರ್ಜೆಯ ಎಣ್ಣೆ ಬೇಕಾಗುತ್ತದೆ. ಘರ್ಷಣಾ ಬಿಲ್ಲೆಗಳ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಇದರ ಜೊತೆ ಘರ್ಷಣೆಯನ್ನು ಹದಗೊಳಿಸುವ ಸೇರ್ಪಡೆಯೂ ಅಗತ್ಯವಿರಬಹುದು. ನಿಧಾನವಾಗಿ ಬಿಗಿ ತಿರುವು ತೆಗೆದುಕೊಳ್ಳುವಾಗ ಬರುವ ಕಟಕಟ ಸದ್ದು ಬಹಳ ಸಲ ಎಣ್ಣೆ ಬದಲಾವಣೆಯಿಂದಲೇ ನಿಲ್ಲುತ್ತದೆ. ಸರಿಯಾದ ಎಣ್ಣೆ ತುಂಬಿ, ತೆರೆದ ಜಾಗದಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಓಡಿಸಿ ಮತ್ತೆ ಪರೀಕ್ಷಿಸಿದ ನಂತರವೇ ಘಟಕವನ್ನು ಬಿಚ್ಚುವ ನಿರ್ಧಾರ ಮಾಡಬೇಕು.

ಒಮ್ಮೆಗೆ ಒಂದೇ ಬದಲಾವಣೆ

ಒಂದೇ ಸಲ ಹಲವು ಭಾಗಗಳನ್ನು ಬದಲಿಸಿದರೆ ದೋಷ ನಿವಾರಣೆಯಾದರೂ ಕಾರಣ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಬದಲಾವಣೆಯ ನಂತರ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಬರೆದಿಡುವುದು ಉತ್ತಮ ಪದ್ಧತಿ. ತೆಗೆದ ಹಳೆಯ ಭಾಗವನ್ನು ಎಸೆಯದೆ ಅದರ ಸವೆತದ ಸ್ವರೂಪವನ್ನು ಪರಿಶೀಲಿಸಬೇಕು. ಒಂದೇ ಬದಿ ಸವೆದ ಬುಷ್, ನೀಲಿಗಟ್ಟಿದ ಬೇರಿಂಗ್, ತಿರುಚಿ ಹರಿದ ರಬ್ಬರ್ ಇವು ತಮ್ಮ ಮೇಲೆ ಬಿದ್ದ ಬಲದ ದಿಕ್ಕನ್ನು ತಿಳಿಸುತ್ತವೆ.

ಗಮನಾರ್ಹ ಉದಾಹರಣೆಗಳು

ಮಾಜ್ದಾ ಎಂಎಕ್ಸ್-5: 1989ರಲ್ಲಿ ಬಿಡುಗಡೆಯಾದ ಈ ಕಾರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಅನ್ನು ಒಂದು ಉದ್ದನೆಯ ಅಲ್ಯುಮಿನಿಯಂ ಚೌಕಟ್ಟು ಜೋಡಿಸುತ್ತದೆ. ಕ್ಲಚ್ ಬದಲಾವಣೆಗೆ ಈ ಚೌಕಟ್ಟನ್ನು ಕಳಚಬೇಕಾಗುತ್ತದೆ. ಮರುಜೋಡಣೆಯ ವೇಳೆ ಅದರ ಎತ್ತರವನ್ನು ಅಳೆದು ಹೊಂದಿಸದಿದ್ದರೆ ಶಾಫ್ಟ್‌ನ ಕೋನ ತಪ್ಪಿ ಕಂಪನ ಉಂಟಾಗುತ್ತದೆ. ಶಾಫ್ಟ್ ಅನ್ನು ಎಷ್ಟು ಬಾರಿ ಸಮತೋಲನ ಮಾಡಿಸಿದರೂ ಈ ಕಂಪನ ಹೋಗುವುದಿಲ್ಲ.

ಬಿಎಂಡಬ್ಲ್ಯು ಇ46: 1998ರಲ್ಲಿ ಪರಿಚಯವಾದ ಈ ಪೀಳಿಗೆಯ ಕಾರುಗಳಲ್ಲಿ ಹಿಂಬದಿ ಸಬ್‌ಫ್ರೇಮ್ ಅನ್ನು ಬಿಗಿಯುವ ತಳದ ಲೋಹಫಲಕದಲ್ಲಿ ಬಿರುಕು ಬಿಡುವ ಸಮಸ್ಯೆ ಪ್ರಸಿದ್ಧವಾಗಿದೆ. ಹೊರಡುವಾಗ ಕೇಳುವ ‘ಟಕ್’ ಸದ್ದನ್ನು ಡಿಫರೆನ್ಷಿಯಲ್ ಬುಷ್‌ನದೆಂದು ಭಾವಿಸಿ ಬುಷ್ ಬದಲಿಸಿದರೂ ಸದ್ದು ಮರಳಿದರೆ ಸಬ್‌ಫ್ರೇಮ್ ಇಳಿಸಿ ಫಲಕವನ್ನು ಪರೀಕ್ಷಿಸುವುದು ಅಗತ್ಯ. ಡ್ರೈವ್‌ಟ್ರೇನ್‌ನ ದೋಷದಂತೆ ತೋರುವುದು ಕಾರಿನ ದೇಹದ ದೋಷವೂ ಆಗಿರಬಹುದೆಂಬುದಕ್ಕೆ ಇದು ನಿದರ್ಶನ.

ಪೋರ್ಷೆ 944: ಕೊಳವೆಯೊಳಗಿನ ಶಾಫ್ಟ್ ಕ್ಲಚ್‌ನ ಹಿಂದೆ ಇದ್ದು ಎಂಜಿನ್ ವೇಗದಲ್ಲಿಯೇ ತಿರುಗುವುದರಿಂದ ಅದರ ಬೇರಿಂಗ್‌ಗಳ ಸದ್ದು ವಾಹನದ ವೇಗವನ್ನು ಅನುಸರಿಸುವುದಿಲ್ಲ. ಕಾರು ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಕೇಳುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ದೋಷ ಈ ಶಾಫ್ಟ್‌ನ ಬೇರಿಂಗ್ ಅಥವಾ ಗೇರ್‌ಬಾಕ್ಸ್‌ನ ಒಳಬರುವ ಶಾಫ್ಟ್‌ನ ಬೇರಿಂಗ್‌ನಲ್ಲಿದೆ ಎಂದು ತಿಳಿಯಬಹುದು. ಈ ಕಾರಿನ ರಬ್ಬರ್ ನಡುಭಾಗದ ಕ್ಲಚ್ ಪ್ಲೇಟ್ ವಯಸ್ಸಾದಂತೆ ಹರಿದು, ಕ್ಲಚ್ ಸವೆಯದಿದ್ದರೂ ಚಾಲನೆ ತಪ್ಪುವುದುಂಟು.

ತಪ್ಪು ನಿರ್ಣಯಕ್ಕೆ ಎಡೆಮಾಡುವ ಸಂಗತಿಗಳು

• ವಾಹನವನ್ನು ಎತ್ತಿದಾಗ ಸಸ್ಪೆನ್ಷನ್ ಜೋತುಬಿದ್ದು ಹಾಫ್ ಶಾಫ್ಟ್‌ಗಳ ಕೋನ ಅಸಹಜವಾಗುತ್ತದೆ. ಆ ಸ್ಥಿತಿಯಲ್ಲಿ ಚಕ್ರ ತಿರುಗಿಸಿದಾಗ ಬರುವ ಸದ್ದು ರಸ್ತೆಯ ಮೇಲೆ ಇಲ್ಲದಿರಬಹುದು.
• ಚಕ್ರವೇಗದ ಸಂವೇದಕ ಕೆಟ್ಟಾಗ ಜಾರುವಿಕೆ ನಿಯಂತ್ರಣ ವ್ಯವಸ್ಥೆ ಅನಗತ್ಯವಾಗಿ ಬ್ರೇಕ್ ಹಾಕಿ ಅಥವಾ ಎಂಜಿನ್ ಶಕ್ತಿ ತಗ್ಗಿಸಿ, ಡ್ರೈವ್‌ಟ್ರೇನ್ ಎಳೆದಾಡುತ್ತಿರುವಂತೆ ಭಾಸವಾಗಿಸುತ್ತದೆ.
• ಎಂಜಿನ್‌ನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಹೊರೆಯ ಸ್ಥಿತಿಯಲ್ಲಿ ಕ್ಲಚ್ ಅಥವಾ ಶಾಫ್ಟ್ ನಡುಕದಂತೆಯೇ ಅನುಭವವಾಗುತ್ತದೆ.
• ಲೋಹದ ದೇಹದ ಮೂಲಕ ಸದ್ದು ದೂರ ಸಾಗುವುದರಿಂದ ಅದು ಕೇಳಿಬಂದ ಸ್ಥಳವೇ ಹುಟ್ಟಿದ ಸ್ಥಳವೆಂದು ಹೇಳಲಾಗದು.
• ಮುಂದೆ ಮತ್ತು ಹಿಂದೆ ಬೇರೆ ಅಳತೆಯ ಟೈರ್‌ಗಳಿರುವ ಕ್ರೀಡಾ ಕಾರುಗಳಲ್ಲಿ ಅವುಗಳನ್ನು ಅದಲುಬದಲು ಮಾಡಿ ಪರೀಕ್ಷಿಸುವುದು ಸಾಧ್ಯವಿಲ್ಲ; ಅದೇ ಅಳತೆಯ ಬೇರೊಂದು ಜೊತೆಯನ್ನು ತಾತ್ಕಾಲಿಕವಾಗಿ ಹಾಕಿ ನೋಡಬೇಕಾಗುತ್ತದೆ.

ಸುರಕ್ಷತೆ

ಚಕ್ರಗಳನ್ನು ನೆಲದಿಂದ ಎತ್ತಿ ಎಂಜಿನ್‌ನಿಂದ ತಿರುಗಿಸುವ ಪರೀಕ್ಷೆ ಅಪಾಯಕಾರಿಯಾದುದು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಕಾರಿನ ಒಂದು ಹಿಂಚಕ್ರವನ್ನು ಮಾತ್ರ ಎತ್ತಿ ಗೇರ್ ಹಾಕಿದರೆ, ನೆಲದಲ್ಲಿರುವ ಚಕ್ರಕ್ಕೂ ಶಕ್ತಿ ಹೋಗಿ ಕಾರು ಜ್ಯಾಕ್‌ನಿಂದ ಜಿಗಿಯುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ನಿಂತಿದ್ದರೆ ಇನ್ನೊಂದು ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ವೇಗಮಾಪಕ 60 ತೋರಿಸುತ್ತಿರುವಾಗ ಆ ಚಕ್ರ 120ರ ವೇಗದಲ್ಲಿರಬಹುದು. ತಿರುಗುತ್ತಿರುವ ಶಾಫ್ಟ್‌ನ ಬಳಿ ಸಡಿಲ ಬಟ್ಟೆ ಧರಿಸುವುದು, ಕೇವಲ ಜ್ಯಾಕ್‌ನ ಆಧಾರದ ಮೇಲಿರುವ ವಾಹನದ ಕೆಳಗೆ ಹೋಗುವುದು ಜೀವಕ್ಕೆ ಎರವಾಗುವ ತಪ್ಪುಗಳು. ಶಾಫ್ಟ್‌ನ ಬೋಲ್ಟ್‌ಗಳನ್ನು ನಿಗದಿತ ಟಾರ್ಕ್‌ಗೆ ಬಿಗಿಯಬೇಕು ಮತ್ತು ಒಮ್ಮೆ ಮಾತ್ರ ಬಳಸಬೇಕಾದ ನಟ್‌ಗಳನ್ನು ಮರುಬಳಕೆ ಮಾಡಬಾರದು.

ದುರಸ್ತಿಯ ನಂತರದ ಕ್ರಮಗಳು

ಕ್ರೌನ್ ವೀಲ್ ಮತ್ತು ಪಿನಿಯನ್ ಅನ್ನು ತಯಾರಿಕೆಯ ಹಂತದಲ್ಲಿಯೇ ಜೊತೆಯಾಗಿ ಹೊಂದಿಸಿರುವುದರಿಂದ ಅವುಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಲಾಗುತ್ತದೆ. ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿ, ಸಂಪರ್ಕದ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊಸ ಗೇರ್‌ಗಳನ್ನು ಮೊದಲ ನೂರಾರು ಕಿಲೋಮೀಟರ್ ಹಗುರ ಹೊರೆಯಲ್ಲಿ ಓಡಿಸಿ ನಂತರ ಎಣ್ಣೆ ಬದಲಿಸುವುದು ವಾಡಿಕೆ. ಹೊಸ ಘಟಕವನ್ನು ಜೋಡಿಸಿದ ದಿನವೇ ಸ್ಪರ್ಧಾಪಥದಲ್ಲಿ ಪೂರ್ಣ ಬಲ ಹಾಕಿದರೆ ಹಲ್ಲುಗಳು ಅತಿಶಾಖಕ್ಕೆ ಒಳಗಾಗಿ, ಸರಿಯಾಗಿ ಮಾಡಿದ ದುರಸ್ತಿಯೂ ಮರುಕಳಿಸುವ ದೋಷಗಳ ಪಟ್ಟಿಗೆ ಸೇರುತ್ತದೆ.

ಇವನ್ನೂ ನೋಡಿ

• ಡಿಫರೆನ್ಷಿಯಲ್
• ಯೂನಿವರ್ಸಲ್ ಜಾಯಿಂಟ್
• ಕ್ಲಚ್
• ಗೇರ್‌ಬಾಕ್ಸ್
• ಹೈಪಾಯ್ಡ್ ಗೇರ್
• ವಾಹನ ಸಸ್ಪೆನ್ಷನ್